ಸೈಕಲ್ ಶಾಪಿನ ಮಂದಿ

ಕರ್ನಾಟಕದ ಓಣಿ, ಬಡಾವಣೆಗಳ ಸೈಕಲ್ ಶಾಪನ್ನು ನಡೆಸುವವರು ಸಾಮಾನ್ಯವಾಗಿ ಮೂವರು: ಬಂಡವಾಳ ಹಾಕಿದ ಮಾಲೀಕ, ಕೆಲಸ ಬಲ್ಲ ಮೇಸ್ತ್ರಿ, ಕೆಲಸ ಕಲಿಯಲು ಬಂದ ಹುಡುಗ. ಸಣ್ಣ ಊರಿನಲ್ಲಿ ಮಾಲೀಕನೂ ಮೇಸ್ತ್ರಿಯೂ ಒಬ್ಬನೇ ಆಗಿರುವುದುಂಟು. ದೊಡ್ಡ ಪೇಟೆಯಲ್ಲಿ ಇಬ್ಬರು ಮೂವರು ಮೇಸ್ತ್ರಿಗಳ ಜೊತೆಗೆ ಗಲ್ಲಾ ನೋಡಿಕೊಳ್ಳುವ ತಮ್ಮನೋ ಅಳಿಯನೋ ಇರುತ್ತಾನೆ. ಬೋರ್ಡಿನ ಮೇಲಿರುವುದು ಮಾಲೀಕನ ಹೆಸರು, ಇಲ್ಲವೇ ಅವನ ಮಗನದು, ಇಲ್ಲವೇ ಮನೆದೇವರದು. ಗಿರಾಕಿ ಬಂದು ಕೇಳುವುದು ಮಾತ್ರ ‘ಮೇಸ್ತ್ರಿ ಇದ್ದಾರಾ?’ ಎಂದು. ಇಲ್ಲವೆಂದರೆ ಸೈಕಲ್ ತಳ್ಳಿಕೊಂಡು ಹೋಗಿ ಸಂಜೆ ಮತ್ತೆ ಬರುತ್ತಾನೆ. ವ್ಯಾಪಾರ ನಡೆಯುವುದೇ ಮೇಸ್ತ್ರಿಯ ಕೈಯಿಂದ. ಆದರೆ ಲೆಕ್ಕ ಮಾಡುವಾಗ ಸಾಮಾನಿಗೆ ಬೆಲೆ ಬೀಳುತ್ತದೆ, ಕೈಗೆ ಚಿಲ್ಲರೆ ಸಿಗುತ್ತದೆ.

ಅಂಗಡಿಯ ರಚನೆಯಲ್ಲೂ ಇದು ಕಾಣುತ್ತದೆ. ಹತ್ತು ಅಡಿ ಅಗಲದ ಮಳಿಗೆಯ ಒಳಗೆ ಟಯರು, ಟ್ಯೂಬು, ಚೈನು, ಸೀಟು, ಬೆಲ್ಲುಗಳ ದಾಸ್ತಾನು. ಕೆಲಸ ನಡೆಯುವುದು ಹೊರಗೆ, ಮರದ ನೆರಳಿನಲ್ಲೋ ತಗಡಿನ ಇಳಿಜಾರಿನ ಕೆಳಗೋ, ಬಹಳ ಕಡೆ ಫುಟ್‌ಪಾತಿನ ಮೇಲೇ. ಅಲ್ಲಿ ಒಂದು ಕುಳ್ಳ ಮಣೆ, ಟ್ಯೂಬು ಅದ್ದಲು ನೀರು ತುಂಬಿದ ಬಾಣಲೆ, ಸೀಮೆಎಣ್ಣೆಯ ಡಬ್ಬಿ, ಗಾಳಿ ಹೊಡೆಯುವ ಪಂಪು. ಗ್ರೀಸು, ಎಣ್ಣೆ ಕುಡಿದ ನೆಲ ಎಷ್ಟು ತೊಳೆದರೂ ಕಪ್ಪಾಗಿಯೇ ಇರುತ್ತದೆ. ಮಳೆ ಬಂದರೆ ಸಾಮಾನು ಒಳಗೇ ಇರುತ್ತದೆ; ಕೆಲಸ ನಿಲ್ಲುತ್ತದೆ, ಅಂದಿನ ಕೂಲಿಯೂ ನಿಲ್ಲುತ್ತದೆ.

ಶಾಪಿನ ಆದಾಯಕ್ಕೆ ಮೂರು ಮೂಲಗಳಿದ್ದವು: ಹೊಸ ಸೈಕಲ್ಲಿನ ಮಾರಾಟ, ಗಂಟೆ ಲೆಕ್ಕದ ಬಾಡಿಗೆ, ರಿಪೇರಿ. ಮಾರಾಟಕ್ಕೆ ಬಂಡವಾಳ ಹೆಚ್ಚು, ಲಾಭ ಕಡಿಮೆ. ಜೂನ್‌ನಲ್ಲಿ ಶಾಲೆ ಶುರುವಾಗುವಾಗ, ಸುಗ್ಗಿಯ ಹಣ ಕೈಗೆ ಬಂದಾಗ, ದಸರಾ ಆಸುಪಾಸಿನಲ್ಲಿ ಅದರ ಭರಾಟೆ. ಬಾಡಿಗೆಯಿಂದ ದಿನಾ ಕಾಸು ಬರುತ್ತಿತ್ತು. ವರ್ಷವಿಡೀ ಅಂಗಡಿಯ ಬಾಗಿಲು ತೆರೆದಿಡುತ್ತಿದ್ದುದು ರಿಪೇರಿ. ಇಂದಿಗೆ ಬಾಡಿಗೆ ಬಹುಪಾಲು ಹೋಗಿದೆ, ಮಾರಾಟ ದೊಡ್ಡ ಶೋರೂಮುಗಳ ಕಡೆಗೆ ಸರಿದಿದೆ. ಓಣಿಯ ಶಾಪಿಗೆ ಉಳಿದಿರುವುದು ಮೂರನೆಯದೊಂದೇ.

ಈ ವ್ಯಾಪಾರದ ಮೊದಲ ತಲೆಮಾರು ನಡೆದದ್ದು ಹಡಗಿನಲ್ಲಿ ಬಂದ ಮಾಲಿನ ಮೇಲೆ. ಸ್ವಾತಂತ್ರ್ಯಕ್ಕೆ ಮೊದಲು ಇಲ್ಲಿ ಓಡಾಡಿದ ಸೈಕಲ್ಲುಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನವು: ನಾಟಿಂಗ್‌ಹ್ಯಾಮಿನ ರ‍್ಯಾಲೀ, ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ ಮತ್ತು ಹರ್ಕ್ಯುಲಿಸ್. ಹೊಲಿಗೆ ಯಂತ್ರ, ಟೈಪ್‌ರೈಟರ್, ಅಕ್ಕಿ ಗಿರಣಿಗಳ ಸಾಲಿನಲ್ಲಿ ಸೈಕಲ್ಲನ್ನೂ ಇಟ್ಟು, ಈ ಸಣ್ಣ ಯಂತ್ರಗಳು ಭಾರತದ ದಿನಬಳಕೆಯೊಳಗೆ ಹೇಗೆ ಇಳಿದವು ಎಂಬುದನ್ನು ಇತಿಹಾಸಕಾರ ಡೇವಿಡ್ ಅರ್ನಾಲ್ಡ್ 2013ರಲ್ಲಿ ಒಂದು ಪುಸ್ತಕವನ್ನೇ ಬರೆದು ತೋರಿಸಿದ್ದಾರೆ. ಮೊದಲು ದೊರೆಗಳ, ಅಧಿಕಾರಿಗಳ ಷೋಕಿಯಾಗಿದ್ದ ಸೈಕಲ್ಲು ಆಮೇಲೆ ಗುಮಾಸ್ತರ, ಮೇಷ್ಟ್ರುಗಳ, ಅಂಚೆಯವರ ಕೈಗೆ ಬಂತು. ಸೈಕಲ್ಲಿನ ಜೊತೆಗೆ ಅದನ್ನು ಬಿಚ್ಚಿ ಜೋಡಿಸಬಲ್ಲವರೂ ಬೇಕಾದರು. ಅದಕ್ಕೆ ಶಾಲೆಯಿರಲಿಲ್ಲ. ಕಮ್ಮಾರಿಕೆ ಗೊತ್ತಿದ್ದವರು, ಟಾಂಗಾ ಗಾಲಿ ದುರಸ್ತಿ ಮಾಡುತ್ತಿದ್ದವರು, ಬೀಗ, ಸ್ಟೌ ರಿಪೇರಿಯವರು ಈ ಕಡೆ ಹೊರಳಿದರು. ರಾಜ್ಯದ ಅನೇಕ ಊರುಗಳಲ್ಲಿ ಈ ಕಸುಬು ಮುಸ್ಲಿಂ ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಂದಿದೆ. ಅಂಥ ಕಡೆ ಮೇಸ್ತ್ರಿ ‘ಭಾಯಿ’ ಆಗುತ್ತಾನೆ, ಅವನ ಗುರು ‘ಉಸ್ತಾದ್’ ಆಗುತ್ತಾನೆ.

1936ರಲ್ಲಿ ಬಂಗಾಳದ ಸಾಹಾಗಂಜ್‌ನಲ್ಲಿ ಡನ್‌ಲಪ್ ಕಾರ್ಖಾನೆ ಶುರುವಾದ ಮೇಲೆ ಟಯರು ಇಲ್ಲೇ ಸಿಗತೊಡಗಿತು. ಎರಡನೇ ಮಹಾಯುದ್ಧ ಹಡಗಿನ ಮಾಲನ್ನು ತಡೆದಾಗ ಬಿಡಿಭಾಗಗಳ ಬರ ಬಿತ್ತು, ಇಲ್ಲಿಯೇ ಅವನ್ನು ಮಾಡುವ ಪ್ರಯತ್ನಕ್ಕೆ ಬಲ ಬಂತು. ಸ್ವಾತಂತ್ರ್ಯ ಬಂದು ಹತ್ತು ವರ್ಷ ತುಂಬುವುದರೊಳಗೆ ಪೂರ್ತಿ ಸೈಕಲ್ಲು ಮಾಡುವ ಕಾರ್ಖಾನೆಗಳೇ ಎದ್ದವು. 1949ರಲ್ಲಿ ಮುರುಗಪ್ಪ ಸಮೂಹವೂ ಇಂಗ್ಲೆಂಡಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಕಂಪನಿಯೂ ಸೇರಿ ಮದರಾಸಿನ ಟಿ.ಐ. ಸೈಕಲ್ಸ್ ಕಟ್ಟಿದವು; ದಕ್ಷಿಣದಲ್ಲಿ ಹರ್ಕ್ಯುಲಿಸ್, ಬಿಎಸ್‌ಎ ಹೆಸರುಗಳು ಮನೆಮಾತಾದದ್ದು ಅಂಬತ್ತೂರಿನ ಈ ಕಾರ್ಖಾನೆಯಿಂದ. 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್ ಆರಂಭವಾಯಿತು. 1956ರಲ್ಲಿ ಲುಧಿಯಾನದಲ್ಲಿ ಹೀರೋ.

ಹೀರೋದ ಮೂಲವೂ ಅಂಗಡಿಯೇ. ಈಗ ಪಾಕಿಸ್ತಾನದಲ್ಲಿರುವ ಕಮಾಲಿಯಾ ಊರಿನ ಮುಂಜಾಲ್ ಸಹೋದರರು 1944ರಲ್ಲಿ ಅಮೃತಸರದಲ್ಲಿ ಸೈಕಲ್ ಬಿಡಿಭಾಗಗಳ ವ್ಯಾಪಾರ ಶುರುಮಾಡಿದರು, ಆಮೇಲೆ ಲುಧಿಯಾನಕ್ಕೆ ಬಂದು ಭಾಗಗಳನ್ನು ತಾವೇ ಮಾಡತೊಡಗಿದರು, ಕೊನೆಗೆ ಇಡೀ ಸೈಕಲ್ಲಿಗೆ ಕೈಹಾಕಿದರು. 1986ರಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಸೈಕಲ್ ತಯಾರಿಸುವ ಕಂಪನಿ ಎಂದು ಅದರ ಹೆಸರು ಗಿನ್ನೆಸ್ ಪುಸ್ತಕ ಸೇರಿತು. ಲುಧಿಯಾನದ ಸುತ್ತ ಹಬ್, ಪೆಡಲ್, ಮಡ್‌ಗಾರ್ಡ್, ಚೈನು ಮಾಡುವ ಸಣ್ಣ ಸಣ್ಣ ಘಟಕಗಳು ಗಲ್ಲಿಗಲ್ಲಿಯಲ್ಲಿ ಹುಟ್ಟಿಕೊಂಡವು. ಗದಗದಲ್ಲೋ ಚಿಂತಾಮಣಿಯಲ್ಲೋ ಸೈಕಲ್ಲಿಗೆ ಹಾಕುವ ಕಡ್ಡಿ ಇಂದಿಗೂ ಬಹುಮಟ್ಟಿಗೆ ಆ ಊರಿನದೇ.

ಕಾರ್ಖಾನೆ ಹಲವಾದರೂ ಸೈಕಲ್ಲು ಒಂದೇ ಅಚ್ಚಿನದು. 28 ಇಂಚಿನ ಚಕ್ರ, ಒಂದೂವರೆ ಇಂಚಿನ ಟಯರು, ಸರಳಿನ ಬ್ರೇಕು, ಕಪ್ಪು ಬಣ್ಣ, ಹಿಂದೆ ಕ್ಯಾರಿಯರು: ಇಂಗ್ಲೆಂಡಿನ ಹಳೆಯ ನಮೂನೆ ಇಲ್ಲಿ ದಶಕಗಟ್ಟಲೆ ಬದಲಾಗದೆ ಉಳಿಯಿತು. ತಂತ್ರಜ್ಞಾನ ನಿಂತ ನೀರಾಯಿತು ಎಂದು ಇದನ್ನು ಬೈದವರುಂಟು. ಸೈಕಲ್ ಶಾಪಿನವರಿಗೆ ಅದೇ ವರವಾಯಿತು. ಹರ್ಕ್ಯುಲಿಸ್ಸಿನ ಕೋನು ಅಟ್ಲಾಸಿಗೂ ಕೂರುತ್ತಿತ್ತು, ಯಾರದೋ ಕಂಪನಿಯ ಪೆಡಲು ಇನ್ಯಾರದೋ ಕ್ರ್ಯಾಂಕಿಗೆ ಸೇರುತ್ತಿತ್ತು. ಒಂದು ಗೋಡೆಯಷ್ಟು ಸಾಮಾನು ಇಟ್ಟುಕೊಂಡರೆ ಊರಿನ ಎಲ್ಲ ಸೈಕಲ್ಲುಗಳಿಗೂ ಸಾಕು. ಒಂದು ಸೈಕಲ್ಲನ್ನು ಬಲ್ಲ ಮೇಸ್ತ್ರಿಗೆ ಎಲ್ಲ ಸೈಕಲ್ಲುಗಳೂ ಗೊತ್ತು. ಕಂಪನಿಯ ತರಬೇತಿಯಿಲ್ಲದೆ, ಕೈಪಿಡಿಯಿಲ್ಲದೆ, ಇಂಗ್ಲಿಷ್ ಓದಲು ಬಾರದೆ ಲಕ್ಷಾಂತರ ಜನ ಈ ಕಸುಬಿನಲ್ಲಿ ಬದುಕು ಕಟ್ಟಿಕೊಳ್ಳಲು ಸಾಧ್ಯವಾದದ್ದು ಇದರಿಂದ.

ಹಳೆಯ ಕಪ್ಪು ಸೈಕಲ್ಲು ಅಂಗಡಿಗೆ ಸೈಕಲ್ಲಾಗಿ ಬರುತ್ತಿರಲಿಲ್ಲ, ಪಾರ್ಸೆಲ್ಲಾಗಿ ಬರುತ್ತಿತ್ತು. ಫ್ರೇಮು, ಫೋರ್ಕು ಒಂದು ಕಟ್ಟು, ರಿಮ್ಮು ಬೇರೆ, ಹಬ್ಬು ಬೇರೆ, ಕಡ್ಡಿಗಳು ಕಂತೆಯಲ್ಲಿ, ನಿಪ್ಪಲ್ಲು, ನಟ್ಟುಗಳು ಪೊಟ್ಟಣದಲ್ಲಿ. ಇವನ್ನೆಲ್ಲ ಓಡುವ ಗಾಡಿಯಾಗಿ ಮಾಡುವುದು ಫಿಟ್ಟಿಂಗ್. ಅದರಲ್ಲಿ ಮೇಸ್ತ್ರಿಯ ಯೋಗ್ಯತೆ ಗೊತ್ತಾಗುವುದು ಚಕ್ರ ಕಟ್ಟುವಾಗ.

ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಸವಾರನ ಭಾರವೂ ಕ್ಯಾರಿಯರಿನ ಹೊರೆಯೂ ಹೆಚ್ಚಾಗಿ ಹಿಂದಿನ ಚಕ್ರದ ಮೇಲೆ ಬೀಳುವುದರಿಂದ ಎಂಟು ಕಡ್ಡಿ ಹೆಚ್ಚು. ಮೇಸ್ತ್ರಿ ಹಬ್ಬನ್ನು ತೊಡೆಯ ಮೇಲಿಟ್ಟುಕೊಂಡು ಕಡ್ಡಿಗಳನ್ನು ಒಂದು ಒಳಗಿನಿಂದ, ಒಂದು ಹೊರಗಿನಿಂದ ಪೋಣಿಸುತ್ತಾನೆ. ಅರ್ಧ ಕಡ್ಡಿಗಳು ಮುಂದಕ್ಕೆ ಬಾಗಿ, ಅರ್ಧ ಹಿಂದಕ್ಕೆ ಬಾಗಿ ಒಂದನ್ನೊಂದು ದಾಟಿ ರಿಮ್ಮಿನ ತೂತು ಸೇರುತ್ತವೆ. ಪೆಡಲ್ ತುಳಿದಾಗ ಹಬ್ಬು ತಿರುಗಲು ನೋಡುತ್ತದೆ. ಕಡ್ಡಿಗಳು ಹೀಗೆ ಓರೆಯಾಗಿದ್ದರೆ ಆ ಎಳೆತ ರಿಮ್ಮಿಗೆ ಮುಟ್ಟುತ್ತದೆ, ನೇರವಾಗಿದ್ದರೆ ಕಡ್ಡಿಯ ಬುಡವೇ ಮುರಿಯುತ್ತದೆ. ಎಲ್ಲ ನಿಪ್ಪಲ್ಲುಗಳನ್ನು ಮೊದಲು ಬೆರಳಿನಲ್ಲೇ ತಿರುಗಿಸಿ ಕೂರಿಸಬೇಕು. ಆಮೇಲೆ ಕೀಲಿ. ಚಕ್ರವನ್ನು ಫೋರ್ಕಿಗೆ ಸಿಕ್ಕಿಸಿ ತಿರುಗಿಸುತ್ತಾ ರಿಮ್ಮಿನ ಪಕ್ಕದಲ್ಲಿ ಸೀಮೆಸುಣ್ಣದ ತುಂಡು ಹಿಡಿದರೆ, ರಿಮ್ಮು ಎಲ್ಲಿ ಹೊರಗೆ ಬಂದಿದೆಯೋ ಅಲ್ಲಿ ಬಿಳಿ ಗೀಟು ಬೀಳುತ್ತದೆ. ಆ ಜಾಗದಲ್ಲಿ ಎದುರು ಬದಿಯ ಕಡ್ಡಿ ಕಾಲು ಸುತ್ತು ಬಿಗಿ, ಈ ಬದಿಯದು ಕಾಲು ಸುತ್ತು ಸಡಿಲು. ಪಕ್ಕಕ್ಕೆ ಓಲಾಡಿದರೆ ‘ಔಟ್’, ಮೇಲೆ ಕೆಳಗೆ ಕುಣಿದರೆ ‘ಜಂಪ್’. ಔಟ್ ತೆಗೆಯುವುದು ಸುಲಭ. ಔಟ್ ಬರದ ಹಾಗೆ ಜಂಪ್ ತೆಗೆಯುವುದಕ್ಕೆ ಅನುಭವ ಬೇಕು. ನುರಿತವರು ಕಡ್ಡಿಗಳನ್ನು ಎರಡೆರಡಾಗಿ ಹಿಡಿದು ಹಿಂಡಿ ನೋಡುತ್ತಾರೆ, ಬೆರಳಿನಿಂದ ಮೀಟಿ ನಾದ ಕೇಳುತ್ತಾರೆ. ಸಡಿಲವಾದ ಕಡ್ಡಿಯ ನಾದ ಬೇರೆ.

ಹೊಸದಾಗಿ ಕಟ್ಟಿದ ಚಕ್ರ ಕೆಲವು ದಿನ ಓಡಿದ ಮೇಲೆ ಕಡ್ಡಿಗಳು ತಮ್ಮ ಜಾಗದಲ್ಲಿ ಕುಳಿತು ಸ್ವಲ್ಪ ಸಡಿಲವಾಗುತ್ತವೆ. ಹೊಸ ಸೈಕಲ್ ಕೊಟ್ಟವರು ‘ಹದಿನೈದು ದಿನ ಬಿಟ್ಟು ತನ್ನಿ’ ಎಂದು ಹೇಳುವುದು ಅದಕ್ಕಾಗಿ. ಬಹಳ ಮಂದಿ ತರುವುದಿಲ್ಲ. ಆರು ತಿಂಗಳಾದ ಮೇಲೆ ಓಲಾಡುವ ಚಕ್ರ ತಂದು ಕಂಪನಿಯನ್ನು ಬೈಯುತ್ತಾರೆ.

ವರ್ಷಕ್ಕೊಮ್ಮೆ ಮಾಡಿಸುವ ದೊಡ್ಡ ಕೆಲಸಕ್ಕೆ ಎಲ್ಲ ಶಾಪುಗಳಲ್ಲೂ ಹೆಸರು ಓವರಾಯಿಲ್. ಸೈಕಲ್ಲನ್ನು ಪೂರ್ತಿ ಬಿಚ್ಚಿ, ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸು ತುಂಬಿ, ಸವೆದ ಗುಂಡುಗಳನ್ನು ಬದಲಿಸಿ ಮತ್ತೆ ಜೋಡಿಸುವ ಕೆಲಸವದು. ಮುಂದಿನ ಹಬ್ಬಿನ ಎರಡೂ ಬದಿಗೆ ಹತ್ತು ಹತ್ತು ಸಣ್ಣ ಗುಂಡು, ಹಿಂದಿನದಕ್ಕೆ ಒಂಬತ್ತೊಂಬತ್ತು ದಪ್ಪ ಗುಂಡು. ಗ್ರೀಸು ಮೆತ್ತಿದ ಕಪ್ಪಿನಲ್ಲಿ ಅವನ್ನು ಕೂರಿಸಿ, ಕೋನು ತಿರುಗಿಸಿ, ನಟ್ಟು ಬಿಗಿಯಬೇಕು. ಕೋನು ಒಂದಿಷ್ಟು ಹೆಚ್ಚು ಬಿಗಿಯಾದರೆ ಗುಂಡು ಪುಡಿಯಾಗುತ್ತದೆ, ಸಡಿಲಾದರೆ ಚಕ್ರ ಅಲುಗುತ್ತದೆ. ಸರಿಯಾಗಿದೆಯೆಂದು ತಿಳಿಯಲು ಮೇಸ್ತ್ರಿ ಚಕ್ರವನ್ನು ಮೆಲ್ಲಗೆ ತಿರುಗಿಸಿ ಬಿಡುತ್ತಾನೆ. ಅದು ನಿಧಾನವಾಗಿ, ಆಚೆ ಈಚೆ ತೂಗಾಡಿ, ವಾಲ್ವಿನ ಭಾರಕ್ಕೆ ವಾಲ್ವು ಕೆಳಗೆ ಬಂದು ನಿಲ್ಲಬೇಕು. ಅಷ್ಟು ಸಣ್ಣ ತೂಕಕ್ಕೆ ಚಕ್ರ ತಿರುಗಿತೆಂದರೆ ಕೋನು ಸರಿಯಾಗಿದೆ.

ಒಂದು ಓವರಾಯಿಲ್‌ಗೆ ಅರ್ಧ ದಿನ ಹಿಡಿಯುತ್ತದೆ. ಬಿಲ್ಲಿನಲ್ಲಿ ಗುಂಡು ಇಷ್ಟು, ಗ್ರೀಸು ಇಷ್ಟು, ಬ್ರೇಕ್ ರಬ್ಬರು ಇಷ್ಟು ಎಂದು ಬರೆದರೆ ಗಿರಾಕಿ ತಲೆಯಾಡಿಸುತ್ತಾನೆ. ಕೊನೆಯ ಸಾಲಿಗೆ, ಅಂದರೆ ಕೂಲಿಗೆ ಬಂದಾಗ ಚೌಕಾಸಿ ಶುರು. ‘ಬರೀ ಬಿಚ್ಚಿ ಹಾಕಿದ್ದಕ್ಕೆ ಇಷ್ಟಾ?’ ಎಂಬ ಮಾತನ್ನು ಕೇಳದ ಮೇಸ್ತ್ರಿ ಇರಲಿಕ್ಕಿಲ್ಲ. ಹಾಗಾಗಿ ಶಾಪುಗಳು ಒಂದು ಉಪಾಯ ಕಂಡುಕೊಂಡವು: ಕೂಲಿಯನ್ನು ಕಡಿಮೆ ತೋರಿಸಿ, ಸಾಮಾನಿನ ಬೆಲೆಯ ಮೇಲೆ ಸ್ವಲ್ಪ ಏರಿಸುವುದು. ಗಿರಾಕಿಗೆ ಸಮಾಧಾನ, ಮಾಲೀಕನಿಗೆ ನಷ್ಟವಿಲ್ಲ. ಆದರೆ ಮೇಸ್ತ್ರಿಗೆ ಸಿಗುವುದು ವಾರದ ಸಂಬಳ ಅಥವಾ ಕೂಲಿಯಲ್ಲಿ ಪಾಲು. ಕೂಲಿಯೇ ಸಣ್ಣದಾಗಿ ಬರೆದ ಮೇಲೆ ಅವನ ಪಾಲೂ ಸಣ್ಣದೇ. ಒಂದಷ್ಟು ವರ್ಷ ದುಡಿದ ಮೇಸ್ತ್ರಿಗಳು ಎದುರು ಬೀದಿಯಲ್ಲೇ ಸ್ವಂತ ಡಬ್ಬಾ ಅಂಗಡಿ ಇಡುವುದಕ್ಕೆ ಮುಖ್ಯ ಕಾರಣ ಈ ಲೆಕ್ಕ. ಹೊಸ ಅಂಗಡಿಗೆ ಬೇಕಾದದ್ದು ಪಂಪು, ನಾಲ್ಕು ಪಾನಾ, ಸುತ್ತಿಗೆ, ಟಯರು ಎಬ್ಬಿಸುವ ಲಿವರು, ಬಾಣಲೆ. ಗಿರಾಕಿಗಳು ತಾವಾಗಿಯೇ ಹಿಂಬಾಲಿಸಿ ಬರುತ್ತಾರೆ.

ಹೆಸರು ಮಾಲೀಕನದು, ಕೈ ಮೆಕ್ಯಾನಿಕ್‌ನದು ಎಂಬುದು ಇಲ್ಲಿನ ಕಥೆ ಮಾತ್ರವಲ್ಲ. ಜಗತ್ತಿನ ಅತಿ ಪ್ರಸಿದ್ಧ ಸೈಕಲ್ ಶಾಪು ಅಮೆರಿಕದ ಡೇಟನ್ ಊರಿನ ರೈಟ್ ಸಹೋದರರದು. 1892ರಲ್ಲಿ ಶುರುವಾದ ಆ ಅಂಗಡಿಗೆ 1901ರಲ್ಲಿ ಚಾರ್ಲ್ಸ್ ಟೇಲರ್ ಎಂಬ ಮೆಕ್ಯಾನಿಕ್ ಕೆಲಸಕ್ಕೆ ಸೇರಿದರು, ಗಂಟೆಗೆ 30 ಸೆಂಟಿನ ಕೂಲಿಗೆ. ಅಣ್ಣ ತಮ್ಮ ಗ್ಲೈಡರ್ ಹಾರಿಸಲು ಕಿಟ್ಟಿ ಹಾಕ್‌ಗೆ ಹೋದಾಗ ಅಂಗಡಿ ನಡೆಸುತ್ತಿದ್ದವರು ಟೇಲರ್. 1903ರ ವಿಮಾನದ ಎಂಜಿನ್ನನ್ನು ಲೇತು, ಡ್ರಿಲ್ಲುಗಳಂಥ ಅಂಗಡಿಯ ಸಲಕರಣೆಗಳಲ್ಲೇ ಸುಮಾರು ಆರು ವಾರಗಳಲ್ಲಿ ಮಾಡಿದವರೂ ಅವರೇ. ವಿಮಾನದ ಪ್ರೊಪೆಲ್ಲರುಗಳಿಗೆ ಶಕ್ತಿ ಮುಟ್ಟಿಸಿದ್ದು ಸೈಕಲ್ಲಿನ ಮಾದರಿಯ ಚೈನು ಮತ್ತು ಹಲ್ಲುಚಕ್ರ. ಟೇಲರ್ 1956ರಲ್ಲಿ ತೀರಿಕೊಂಡರು. ಹಾರಿದವರ ಹೆಸರು ಶಾಲೆಯ ಮಕ್ಕಳಿಗೂ ಬಾಯಿಪಾಠ. ಎಂಜಿನ್ ಮಾಡಿದವರ ಹೆಸರು ವಿಮಾನ ದುರಸ್ತಿಯ ವೃತ್ತಿಯಲ್ಲಿರುವವರನ್ನು ಬಿಟ್ಟರೆ ಹೆಚ್ಚಿನವರಿಗೆ ತಿಳಿಯದು.

ಶಾಪಿನ ಮೂವರಲ್ಲಿ ಮೂರನೆಯವನು ಹುಡುಗ. ಅವನ ಕಲಿಕೆಗೆ ಒಂದು ಕ್ರಮವಿದೆ. ಮೊದಲು ಗಾಳಿ ಹೊಡೆಯುವುದು, ಟೀ ತರುವುದು, ಕೇಳಿದ ನಂಬರಿನ ಪಾನಾ ಕೊಡುವುದು. ಆಮೇಲೆ ಟಯರು ಬಿಚ್ಚುವುದು, ಪಂಕ್ಚರು. ಅದು ಕೈಹಿಡಿದ ಮೇಲೆ ಬ್ರೇಕು, ಚೈನು. ಕೋನು, ಚಕ್ರ ಕಟ್ಟುವುದು ಕೊನೆಗೆ, ಅದೂ ಉಸ್ತಾದನಿಗೆ ಮನಸ್ಸು ಬಂದರೆ. ಎಡಗಡೆಯ ಪೆಡಲಿನ ಮರೆ (ಥ್ರೆಡ್) ಉಲ್ಟಾ ಎಂಬುದು ಬಹುಪಾಲು ಹುಡುಗರಿಗೆ ಏಟಿನ ಸಮೇತ ಗೊತ್ತಾಗುವ ಪಾಠ. ಎರಡೂ ಪೆಡಲಿಗೆ ಒಂದೇ ಬಗೆಯ ಮರೆ ಇದ್ದರೆ ತುಳಿಯುತ್ತಾ ತುಳಿಯುತ್ತಾ ಎಡಗಡೆಯದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಅದಕ್ಕಾಗಿ ಎಡದ್ದನ್ನು ತಿರುವುಮುರುವಾಗಿ ಕೊರೆದಿರುತ್ತಾರೆ. ಗೊತ್ತಿಲ್ಲದೆ ಬಲವಂತವಾಗಿ ತಿರುಗಿಸಿದರೆ ಕ್ರ್ಯಾಂಕಿನ ಮರೆ ಸವೆದು ಇಡೀ ಕ್ರ್ಯಾಂಕು ಬದಲಿಸಬೇಕಾಗುತ್ತದೆ.

ಈ ಹುಡುಗರ ಬಗ್ಗೆ ಹಳೆಯ ನೆನಪುಗಳನ್ನು ಬರೆಯುವವರು ತುಸು ಮಮತೆಯಿಂದಲೇ ಬರೆಯುತ್ತಾರೆ. ಅವರಲ್ಲಿ ಅನೇಕರು ಹತ್ತು ಹನ್ನೆರಡು ವರ್ಷದವರಾಗಿದ್ದರು, ಶಾಲೆ ಬಿಟ್ಟವರಾಗಿದ್ದರು, ಮೊದಲ ಒಂದೆರಡು ವರ್ಷ ಸಂಬಳವೇ ಇಲ್ಲದೆ ಊಟ, ಟೀ ಮತ್ತು ಹಬ್ಬದ ಬಟ್ಟೆಗೆ ದುಡಿದವರಾಗಿದ್ದರು ಎಂಬುದು ಆ ಮಮತೆಯಲ್ಲಿ ಮುಚ್ಚಿಹೋಗುತ್ತದೆ. 1986ರ ಬಾಲಕಾರ್ಮಿಕ ಕಾಯ್ದೆ ಅಪಾಯಕಾರಿ ಎಂದು ಗುರುತಿಸಿದ ಕೆಲಸಗಳಿಗಷ್ಟೇ ನಿಷೇಧ ಹಾಕಿತ್ತು. 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಶಾಲೆ ಮುಗಿದ ಮೇಲೆ ಮನೆಯವರ ಕಸುಬಿಗೆ ನೆರವಾಗುವುದಕ್ಕೆ ವಿನಾಯಿತಿಯಿದೆ. ಕಾನೂನಿಗಿಂತ ಹೆಚ್ಚಾಗಿ ಶಾಲೆಯ ಬಿಸಿಯೂಟ, ಹತ್ತನೇ ತರಗತಿಯವರೆಗಾದರೂ ಓದಿಸಬೇಕೆಂಬ ತಾಯಂದಿರ ಹಟ ಹುಡುಗರನ್ನು ಶಾಪಿನಿಂದ ಬಿಡಿಸಿತು. ಅದು ಒಳ್ಳೆಯದೇ ಆಯಿತು. ಆದರೆ ಹುಡುಗನ ಜಾಗಕ್ಕೆ ಬೇರೆ ಯಾರೂ ಬರಲಿಲ್ಲ. ಹದಿನೆಂಟು ದಾಟಿದವನಿಗೆ ಸೈಕಲ್ ಶಾಪಿನ ಕೂಲಿಗಿಂತ ಬೈಕ್ ಸರ್ವಿಸ್ ಸೆಂಟರಿನ ಸಂಬಳ ಹೆಚ್ಚು.

ಹೆಣ್ಣುಮಕ್ಕಳು ಈ ಮಣೆಯ ಮೇಲೆ ಕಾಣುವುದು ಬಹಳ ಅಪರೂಪ. ಗಂಡ ಊಟಕ್ಕೆ ಹೋದಾಗ ಗಲ್ಲಾ ನೋಡಿಕೊಳ್ಳುವುದು, ಮನೆಯಲ್ಲಿ ಬಾಡಿಗೆಯ ಲೆಕ್ಕ ಕೂಡುವುದು, ಗಾಳಿ ಹೊಡೆಸಿಕೊಳ್ಳಲು ಬಂದವರಿಗೆ ಪಂಪು ಕೊಟ್ಟು ಕಾಸು ಇಸಿದುಕೊಳ್ಳುವುದು ಅವರ ಪಾಲಿನ ಕೆಲಸವಾಗಿತ್ತು.

ಬಾಡಿಗೆ ಸೈಕಲ್ಲಿನ ವ್ಯವಹಾರ ನಿಂತಿದ್ದದ್ದು ಪರಿಚಯದ ಮೇಲೆ. ಪ್ರತಿ ಸೈಕಲ್ಲಿನ ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು. ಉದ್ದನೆಯ ನೋಟ್‌ಬುಕ್ಕಿನಲ್ಲಿ ಹೆಸರು, ನಂಬರು, ಹೊರಟ ಹೊತ್ತು. ಗುರುತಿಲ್ಲದವರಿಗೆ ಸೈಕಲ್ ಕೊಡುತ್ತಿರಲಿಲ್ಲ. ಹುಡುಗರಾದರೆ ‘ಯಾರ ಮಗ?’ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕು. ತಂದೆಯ ಹೆಸರೇ ಜಾಮೀನು. ದೊಡ್ಡ ಸೈಕಲ್ಲಿನ ಸೀಟು ಎಟುಕದವರು ತ್ರಿಕೋನದೊಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆಯುತ್ತಿದ್ದರು. ಮಕ್ಕಳ ಅಳತೆಯ ಸಣ್ಣ ಸೈಕಲ್ಲು ಇಟ್ಟ ಶಾಪಿನ ಮುಂದೆ ಬೇಸಿಗೆ ರಜೆಯಲ್ಲಿ ಪಾಳಿ ಹಚ್ಚುತ್ತಿದ್ದರು. ಇಡೀ ಊರು ಸೈಕಲ್ ಕಲಿತದ್ದು ಈ ಬಾಡಿಗೆ ಗಾಡಿಗಳ ಮೇಲೆ. ಮುರಿದ ಬ್ರೇಕು, ಬಾಗಿದ ಹ್ಯಾಂಡಲ್ಲು ಶಾಪಿನ ಖರ್ಚಿಗೆ. ಬಾಡಿಗೆ ಸೈಕಲ್ಲುಗಳು ಎಂದೂ ನೆಟ್ಟಗಿರುವುದಿಲ್ಲ ಎಂಬ ದೂರಿಗೂ, ಅವನ್ನು ನೆಟ್ಟಗಿಟ್ಟರೂ ಸಂಜೆಯೊಳಗೆ ಕೆಡುತ್ತವೆ ಎಂಬ ಮಾಲೀಕನ ಉತ್ತರಕ್ಕೂ ಕೊನೆಯಿರಲಿಲ್ಲ. ಎರಡೂ ನಿಜವೇ.

ಬಾಡಿಗೆಗೆ ಕೊಡುವ ಮಾಲೀಕನಿಗೆ ಇನ್ನೊಂದು ತಲೆನೋವು ಪುರಸಭೆಯದು. ಸೈಕಲ್ಲಿಗೂ ವರ್ಷಕ್ಕೊಮ್ಮೆ ತೆರಿಗೆ ಕಟ್ಟಿ ಲೋಹದ ಬಿಲ್ಲೆ ಪಡೆದು ಹ್ಯಾಂಡಲ್ಲಿನ ಬಳಿ ಸಿಕ್ಕಿಸಬೇಕಿತ್ತು. ಬಿಲ್ಲೆಯಿಲ್ಲದಿದ್ದರೆ ದಂಡ, ರಾತ್ರಿ ದೀಪವಿಲ್ಲದಿದ್ದರೆ ಪೊಲೀಸರ ದಂಡ, ಡಬಲ್ ರೈಡಿಂಗಿಗೂ ದಂಡ. ಕೆಲವರು ಗಾಳಿ ಬಿಟ್ಟು ಕಳಿಸುವ ಶಿಕ್ಷೆಯನ್ನೂ ಕೊಡುತ್ತಿದ್ದರು. ಆಗ ಲಾಭವಾಗುತ್ತಿದ್ದುದು ಹತ್ತಿರದ ಸೈಕಲ್ ಶಾಪಿಗೆ.

ಪಂಕ್ಚರು ಈ ಕಸುಬಿನ ಅನ್ನ. ಟಯರಿನ ಒಂದು ಬದಿಯನ್ನು ಲಿವರಿನಿಂದ ಎಬ್ಬಿಸಿ, ಟ್ಯೂಬು ಹೊರಗೆಳೆದು, ಗಾಳಿ ತುಂಬಿ ಬಾಣಲೆಯ ನೀರಿನಲ್ಲಿ ಅದ್ದುತ್ತಾ ಹೋದರೆ ಗುಳ್ಳೆ ಬರುವ ಜಾಗ ಸಿಗುತ್ತದೆ. ಅಲ್ಲಿ ಒರೆಸಿ, ಅರದಿಂದ ಉಜ್ಜಿ, ಸಲ್ಯೂಷನ್ ಸವರಬೇಕು. ಸವರಿದ ತಕ್ಷಣ ಪ್ಯಾಚು ಹಚ್ಚುವಂತಿಲ್ಲ; ಒದ್ದೆ ಹೊಳಪು ಹೋಗಿ ಅಂಟು ಬರುವವರೆಗೆ ಕಾಯಬೇಕು. ಆತುರದ ಗಿರಾಕಿ, ಹೊಸ ಹುಡುಗ, ಇಬ್ಬರೂ ಎಡವುವುದು ಇಲ್ಲೇ. ಟ್ಯೂಬು ಒಳಗೆ ಹಾಕುವ ಮುನ್ನ ಟಯರಿನ ಒಳಮೈಯ ಮೇಲೆ ಬೆರಳಾಡಿಸಿ ಮುಳ್ಳು ಉಳಿದಿದೆಯೇ ಎಂದು ನೋಡುವುದು ಒಳ್ಳೆಯ ಮೇಸ್ತ್ರಿಯ ಗುರುತು. ಬಯಲುಸೀಮೆಯಲ್ಲಿ ಜಾಲಿಮುಳ್ಳು ಒಂದು ಕಡೆ ಚುಚ್ಚಿ ನಿಲ್ಲುವುದಿಲ್ಲ. ಕೆಲವೊಮ್ಮೆ ತೂತೇ ಇರುವುದಿಲ್ಲ, ವಾಲ್ವಿನೊಳಗಿನ ಎಳೆಯಷ್ಟು ಸಣ್ಣ ರಬ್ಬರು, ವಾಲ್‌ಟ್ಯೂಬು, ಹರಿದಿರುತ್ತದೆ. ಅದನ್ನು ಮೊದಲೇ ನೋಡಿ ಕಾಸಿನಲ್ಲಿ ಮುಗಿಸುವವನಿಗೆ ಒಳ್ಳೆಯ ಹೆಸರು. ನೋಡಿಯೂ ಟಯರು ಬಿಚ್ಚುವವನಿಗೆ ಅಂದಿನ ಸಂಪಾದನೆ. ಶಾಪಿನವರೇ ರಸ್ತೆಗೆ ಮೊಳೆ ಚೆಲ್ಲುತ್ತಾರೆ ಎಂಬ ಗುಮಾನಿಯಂತೂ ಸೈಕಲ್ಲಿನಷ್ಟೇ ಹಳೆಯದು.

ಖಾಯಂ ಗಿರಾಕಿಗಳೆಂದರೆ ಸೈಕಲ್ಲಿನ ಮೇಲೆ ಹೊಟ್ಟೆ ಹೊರೆಯುವವರು: ಹಾಲಿನವರು, ಪೇಪರ್ ಹಾಕುವ ಹುಡುಗರು, ಅಂಚೆಯಣ್ಣ, ಐಸ್‌ಕ್ಯಾಂಡಿಯವರು, ಎಳನೀರು ಹೇರಿಕೊಂಡು ಬರುವವರು, ಕತ್ತಿ ಸಾಣೆ ಹಿಡಿಯುವವರು. ಇವರ ಸೈಕಲ್ಲು ಅಂಗಡಿಯ ಸೈಕಲ್ಲಲ್ಲ. ಕ್ಯಾನು ತೂಗುಹಾಕಲು ಕೊಕ್ಕೆ, ಹೊರೆ ತಾಳಲು ಗಟ್ಟಿ ಕ್ಯಾರಿಯರು ಮತ್ತು ದಪ್ಪ ಕಡ್ಡಿ, ಅಲುಗದ ಸ್ಟ್ಯಾಂಡು ಎಲ್ಲವೂ ಮೇಸ್ತ್ರಿಯ ಕೈಯಿಂದ ಆದವು. ಸಾಣೆಯವರ ಗಾಡಿಯನ್ನು ಸ್ಟ್ಯಾಂಡಿಗೆ ಏರಿಸಿ ಪೆಡಲ್ ತುಳಿದರೆ ಕಲ್ಲು ತಿರುಗಬೇಕು; ಅಂಥದ್ದನ್ನು ಯಾವ ಕಾರ್ಖಾನೆಯೂ ಮಾರುವುದಿಲ್ಲ. ಹಾಲಿನವರಿಗೆ ರಿಪೇರಿ ತಡವಾದರೆ ಹಾಲು ಒಡೆಯುತ್ತದೆ, ಹಾಗಾಗಿ ಅವರ ಕೆಲಸ ಮೊದಲು, ಲೆಕ್ಕ ತಿಂಗಳಿಗೊಮ್ಮೆ. ಆಯುಧಪೂಜೆಯ ದಿನ ಇವರೆಲ್ಲರ ಗಾಡಿಗಳೂ ಶಾಪಿನ ಮುಂದೆ ಸೇರುತ್ತವೆ. ಮುನ್ನಾದಿನವೇ ತೊಳೆದು, ಎಣ್ಣೆ ಬಿಟ್ಟು, ಕಡ್ಡಿಗಳ ನಡುವೆ ಬಣ್ಣದ ಕಾಗದ ಸುತ್ತಿಸಿಕೊಂಡು ಹೋಗುತ್ತಾರೆ. ಶಾಪಿನ ಪೂಜೆಯಲ್ಲಿ ಪಾನಾ, ಸುತ್ತಿಗೆ, ಪಂಪುಗಳಿಗೂ ಕುಂಕುಮ ಬೀಳುತ್ತದೆ. ಮೇಸ್ತ್ರಿ ಯಾವ ಧರ್ಮದವನಾದರೂ ಈ ಪೂಜೆ ತಪ್ಪಿಸುವುದು ಕಡಿಮೆ.

ಕಸುಬಿಗೆ ಮೊದಲ ಪೆಟ್ಟು ಕೊಟ್ಟದ್ದು ಮೊಪೆಡ್. 1972ರಲ್ಲಿ ಲೂನಾ ಬಂತು, 1980ರಲ್ಲಿ ಟಿವಿಎಸ್ 50. ಹಾಲಿನವರು, ಮೇಷ್ಟ್ರುಗಳು ಒಬ್ಬೊಬ್ಬರಾಗಿ ಅತ್ತ ಹೊರಳಿದರು. ಜನಗಣತಿಯ ಅಂಕಿಗಳು ಮಾತ್ರ ಬೇರೊಂದು ವಿಷಯ ಹೇಳುತ್ತವೆ. 2001ರಲ್ಲಿ ದೇಶದ ಶೇ 43.7ರಷ್ಟು ಮನೆಗಳಲ್ಲಿ ಸೈಕಲ್ ಇತ್ತು. 2011ರಲ್ಲಿ ಅದು ಶೇ 44.8. ಅದೇ ಅವಧಿಯಲ್ಲಿ ಮೋಟಾರು ದ್ವಿಚಕ್ರ ವಾಹನವಿದ್ದ ಮನೆಗಳು ಶೇ 11.7ರಿಂದ 21ಕ್ಕೆ ಏರಿದವು. ಅಂದರೆ ಸೈಕಲ್ಲು ಮನೆಯಿಂದ ಹೋಗಲಿಲ್ಲ, ದುಡಿಮೆಯ ಗಾಡಿಯಾಗಿದ್ದದ್ದು ಮಕ್ಕಳ ಗಾಡಿಯಾಗತೊಡಗಿತು. ದಿನಾ ನಲವತ್ತು ಕಿಲೊಮೀಟರ್ ಓಡುವ ಹಾಲಿನವರ ಸೈಕಲ್ಲಿಗೂ ಗೋಡೆಗೆ ಒರಗಿರುವ ಮಗನ ಸೈಕಲ್ಲಿಗೂ ರಿಪೇರಿಯ ಲೆಕ್ಕದಲ್ಲಿ ಬಹಳ ಅಂತರ. ಅನೇಕ ಶಾಪುಗಳು ಬೈಕಿನ ಪಂಕ್ಚರು ಹಾಕಲು ಶುರುಮಾಡಿದ್ದು, ಕೈಪಂಪು ಬಿಟ್ಟು ಕಂಪ್ರೆಸರ್ ಕೂರಿಸಿದ್ದು ಈ ಹೊತ್ತಿನಲ್ಲಿ.

2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ತಂದಿತು. ಹಳ್ಳಿಯ ಹೆಣ್ಣುಮಕ್ಕಳು ಸಾಲಾಗಿ ಸೈಕಲ್ ತುಳಿದುಕೊಂಡು ಪಕ್ಕದೂರಿನ ಪ್ರೌಢಶಾಲೆಗೆ ಹೋಗುವ ನೋಟ ಅಲ್ಲಿಂದ ಮುಂದೆ ಸಾಮಾನ್ಯವಾಯಿತು. ಓಣಿಯ ಶಾಪಿಗೆ ಇದರಿಂದ ಬಂದದ್ದು ಮಿಶ್ರಫಲ. ಟೆಂಡರಿನ ಮೂಲಕ ಕಂಪನಿಗಳಿಂದ ನೇರ ಖರೀದಿಯಾದ್ದರಿಂದ ಜೂನ್ ತಿಂಗಳ ಮಾರಾಟ ಬಿದ್ದುಹೋಯಿತು. ಒಟ್ಟಿಗೆ ಸಾವಿರಾರು ಸೈಕಲ್ಲುಗಳನ್ನು ಅವಸರದಲ್ಲಿ ಜೋಡಿಸಿ ಕೊಟ್ಟಾಗ ಕಡ್ಡಿ ಸಡಿಲ, ಬ್ರೇಕು ಹಿಡಿಯದು, ಹ್ಯಾಂಡಲ್ಲು ನೆಟ್ಟಗಿಲ್ಲ. ಅವೆಲ್ಲ ಸರಿಪಡಿಸಿಕೊಳ್ಳಲು ಬಂದದ್ದು ಇದೇ ಶಾಪಿಗೆ. ಫಿಟ್ಟಿಂಗಿಗೆ ಹೊತ್ತು ಕೊಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಕೋವಿಡ್ ಕಾಲದಲ್ಲಿ ಯೋಜನೆ ನಿಂತಿತು. ಹಳೆಯ ಸರ್ಕಾರಿ ಸೈಕಲ್ಲುಗಳು ಮಾತ್ರ ತಮ್ಮ ತಂಗಿಯರ, ಅಪ್ಪಂದಿರ ಕೈಯಲ್ಲಿ ಇನ್ನೂ ಓಡುತ್ತಿವೆ.

ಅದೇ ಕೋವಿಡ್ ಕಾಲದಲ್ಲಿ, 2020ರಲ್ಲಿ, ಎರಡು ಸಂಗತಿಗಳು ಒಟ್ಟಿಗೆ ನಡೆದವು. ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್ ಕಂಪನಿ ಸಾಹಿಬಾಬಾದಿನ ತನ್ನ ಕೊನೆಯ ಕಾರ್ಖಾನೆಯ ಕೆಲಸ ನಿಲ್ಲಿಸಿತು. ಮತ್ತೊಂದು ಕಡೆ, ಜಿಮ್ಮು ಮುಚ್ಚಿದ ನಗರಗಳಲ್ಲಿ ಸೈಕಲ್ಲಿಗೆ ಹಿಂದೆಂದೂ ಇಲ್ಲದ ಬೇಡಿಕೆ ಬಂದು ಶೋರೂಮುಗಳು ಖಾಲಿಯಾದವು. ಬೆಂಗಳೂರು, ಮೈಸೂರುಗಳಲ್ಲಿ ವ್ಯಾಯಾಮಕ್ಕೆಂದು ಸೈಕಲ್ ತುಳಿಯುವವರ ಗುಂಪುಗಳು ಅದಕ್ಕೂ ಮುಂಚೆಯೇ ಇದ್ದವು. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ 450 ಸೈಕಲ್, 48 ನಿಲ್ದಾಣಗಳೊಂದಿಗೆ ‘ಟ್ರಿಣ್ ಟ್ರಿಣ್’ ಸಾರ್ವಜನಿಕ ಸೈಕಲ್ ವ್ಯವಸ್ಥೆ ಶುರುವಾದಾಗ, ಗಂಟೆ ಬಾಡಿಗೆಯ ಹಳೆಯ ಪದ್ಧತಿ ನೋಟ್‌ಬುಕ್ಕಿನ ಬದಲು ಸ್ಮಾರ್ಟ್ ಕಾರ್ಡಿನೊಂದಿಗೆ ಹಿಂದಿರುಗಿತು. ಕಾರ್ಡು ಸೈಕಲ್ಲನ್ನು ಬಿಡಿಸಿಕೊಡುತ್ತಿತ್ತು. ಚೈನು ಕಳಚಿದರೆ ಹಾಕಲು, ಬ್ರೇಕು ಬಿಗಿಯಲು ಅಲ್ಲಿಯೂ ಮೆಕ್ಯಾನಿಕ್ಕೇ ಬೇಕಿತ್ತು.

ಗೇರು, ಡಿಸ್ಕ್ ಬ್ರೇಕಿನ ಹೊಸ ಸೈಕಲ್ಲುಗಳು ಹಳೆಯ ಒಂದೇ ಅಚ್ಚಿನ ಅನುಕೂಲವನ್ನು ಕಳೆದಿವೆ. ಒಂದೊಂದು ಕಂಪನಿಗೆ ಒಂದೊಂದು ಅಳತೆಯ ಬೇರಿಂಗು, ಒಂದೊಂದು ಬಗೆಯ ಹಬ್ಬು, ಅವುಗಳಿಗೆ ಬೇರೆ ಬೇರೆ ಕೀಲಿಗಳು. ಓಣಿಯ ಮೇಸ್ತ್ರಿಗೆ ಇವುಗಳಲ್ಲಿ ಕೆಲವನ್ನು ಮುಟ್ಟಲು ಸಲಕರಣೆಯೇ ಇಲ್ಲ. ಶೋರೂಮಿನ ವರ್ಕ್‌ಶಾಪಿನಲ್ಲಿ ಸೈಕಲ್ಲು ಆಳೆತ್ತರದ ಸ್ಟ್ಯಾಂಡಿಗೇರುತ್ತದೆ, ಮೆಕ್ಯಾನಿಕ್ ನಿಂತು ಕೆಲಸ ಮಾಡುತ್ತಾನೆ, ಗೋಡೆಯ ಮೇಲೆ ಕೂಲಿಯ ದರಪಟ್ಟಿ ಅಚ್ಚಾಗಿ ನೇತಾಡುತ್ತದೆ: ಗೇರ್ ಟ್ಯೂನಿಂಗಿಗೆ ಇಷ್ಟು, ಚಕ್ರದ ಔಟ್ ತೆಗೆಯಲು ಇಷ್ಟು, ಪೂರ್ತಿ ಸರ್ವಿಸ್‌ಗೆ ಇಷ್ಟು. ಅಲ್ಲಿ ಚೌಕಾಸಿಯಿಲ್ಲ. ಔಟ್ ತೆಗೆಯುವ ಕೆಲಸ ಎರಡೂ ಕಡೆ ಒಂದೇ, ಬಹಳ ಸಲ ಕೈಯೂ ಓಣಿಯ ಶಾಪಿನಲ್ಲಿ ಪಳಗಿದ್ದೇ. ಶೋರೂಮುಗಳು ಮೆಕ್ಯಾನಿಕ್‌ಗಳನ್ನು ಹುಡುಕುವುದು ಅಲ್ಲಿಯೇ.

ಹಳೆಯ ಮೇಸ್ತ್ರಿಗಳಲ್ಲಿ ಕೆಲವರು ಈಗ ಅಂಗಡಿ ಬಾಡಿಗೆ ಕಟ್ಟಲಾಗದೆ ಚೀಲದಲ್ಲಿ ಸಾಮಾನು ತುಂಬಿಕೊಂಡು ಮನೆಬಾಗಿಲಿಗೇ ಹೋಗುತ್ತಾರೆ. ನಗರಗಳ ಅಪಾರ್ಟ್‌ಮೆಂಟುಗಳಲ್ಲಿ ಭಾನುವಾರ ಬೆಳಿಗ್ಗೆ ಕೆಳಗಿನ ಪಾರ್ಕಿಂಗ್ ಜಾಗದಲ್ಲಿ ಕೂತರೆ ಮಧ್ಯಾಹ್ನದೊಳಗೆ ಮಕ್ಕಳ ಹತ್ತಾರು ಸೈಕಲ್ಲುಗಳು ಬರುತ್ತವೆ, ಹೆಚ್ಚಿನವಕ್ಕೆ ಗಾಳಿ, ಬ್ರೇಕು, ಚೈನಿಗೆ ಎಣ್ಣೆ ಇಷ್ಟೇ ಬೇಕಾಗಿರುತ್ತದೆ. ಹಣ ಫೋನಿಗೇ ಬೀಳುತ್ತದೆ. ನಡುವೆ ಮಾಲೀಕನಿಲ್ಲದ ಕಾರಣ ಕೂಲಿಯಲ್ಲಿ ಪಾಲಿಲ್ಲ, ಮಾರಲು ದಾಸ್ತಾನಿಲ್ಲದ ಕಾರಣ ಸಾಮಾನಿನ ಬೆಲೆಯೊಳಗೆ ಕೂಲಿಯನ್ನು ಅಡಗಿಸುವ ಅಗತ್ಯವೂ ಇಲ್ಲ. ಒಂದು ಸೈಕಲ್ಲಿಗೆ ಇಷ್ಟೆಂದು ಮೊದಲೇ ಹೇಳುತ್ತಾರೆ, ಟ್ಯೂಬೋ ಟಯರೋ ಬೇಕಾದರೆ ಗಿರಾಕಿಯೇ ತರಿಸಿಕೊಳ್ಳುತ್ತಾನೆ.